ಲೆಕ್ಕದೊಳಗಿನ ಹೋಳಿಗೆ

ಅಫಜಲಪುರದ ನಮ್ಮ ಓಣಿಯಲ್ಲಿ ಬಾಡಿಗೆಗಿದ್ದ ಶಾಲೆ ಟೀಚರು ಬಹಳ ದಪ್ಪ. ಮೊಣಕಾಲು ನೋವಿಗೆ ತೂಕ ಇಳಿಸಿಕೋ ಎಂದು ಸೊಲ್ಲಾಪುರದ ಡಾಕ್ಟರು ಹೇಳಿದ ಮೇಲೆ, ತಿನ್ನುವ ಪ್ರತಿಯೊಂದಕ್ಕೂ ಕ್ಯಾಲೊರಿ ಲೆಕ್ಕ ಹಾಕುತ್ತಿದ್ದಳು. ರೊಟ್ಟಿ ಮುರಿಯುವ ಮುಂಚೆ ಬೆರಳ ಗೆಣ್ಣು ಎಣಿಸಿ "ಲೆಕ್ಕದಾಗ ಅದ" ಎನ್ನುವಳು. ಕಡಿಮೆ ಉಂಡರೆ ಮುಗಿಯಿತು, ಎಣಿಸುವುದು ಯಾಕೆ ಎಂದು ನನಗೆ ತಿಳಿಯುತ್ತಿರಲಿಲ್ಲ.

ನನ್ನ ಬಸುರಿ ಮಗಳ ಕುಬುಸದ ಊಟದಲ್ಲಿ ನಾನು ಟೀಚರಿಗೆ ಬಡಿಸಿದ ಹೋಳಿಗೆಯನ್ನು, ಪಕ್ಕದಲ್ಲಿ ಕೂತಿದ್ದ ಟೀಚರ ಅತ್ತೆ ತಟ್ಟೆಯಿಂದ ಎತ್ತಿಕೊಂಡಳು.

"ಬಾಗಲಾಗ ಹಿಡಿಸೋದಿಲ್ಲ ನೀ, ಇದೂ ಬೇಕೇನ ಬೇ?"

ಪಂಕ್ತಿಯೆಲ್ಲ ನಕ್ಕಿತು.

"ಕೊಡ್ರಿ ಅತ್ತಿ, ಲೆಕ್ಕದಾಗ ಅದ. ಇದಕ್ಕಂತನೇ ಮುಂಜಾನಿ ರೊಟ್ಟಿ ಬಿಟ್ಟೇನಿ," ಎಂದು ವಾಪಸು ಇಸಿದುಕೊಂಡು, ತುಪ್ಪ ಹಾಕಿಸಿಕೊಂಡು ತಿಂದಳು.

"ಇಷ್ಟಕ್ಕ ಎಣಸಬೇಕೇನ್ರಿ ಅಕ್ಕೋರ?" ಎಂದೆ.

"ಮಂದಿ ಎಲ್ಲಾದಕ್ಕೂ ಬ್ಯಾಡ ಅಂತಾರ ಕಾಕಿ. ಲೆಕ್ಕ ಒಂದೇ ನೋಡ್ರಿ, ತಿನ್ನು ಅಂತನೂ ಹೇಳ್ತದ."

ಇನ್ನೊಂದು ಹಾಕಲು ಹೋದೆ. ಆಕೆ ತಟ್ಟೆಗೆ ಕೈ ಅಡ್ಡ ಹಿಡಿದು "ಇದು ಲೆಕ್ಕದಾಗ ಇಲ್ರಿ" ಎಂದಳು. ನಮ್ಮ ಕಡೆ ಅಡ್ಡ ಹಿಡಿದ ಕೈ ಸರಿಸಿ ಬಡಿಸುವುದೇ ಮರ್ಯಾದೆ. ಎಷ್ಟೋ ಮಂದಿಗೆ ಹಾಗೇ ಬಡಿಸಿದ್ದೇನೆ. ಆಕೆಯ ಕೈ ಸರಿಸಲಿಲ್ಲ. ಹೋಳಿಗೆಯನ್ನು ಬುಟ್ಟಿಗೆ ಹಾಕಿ ಮುಂದಿನವರ ಹತ್ತಿರ ಹೋದೆ.