ದೊಡ್ಡಳಿಯನ ದೊಡ್ಡ ಮಷೀನು

ಹಗಲೆಲ್ಲ ಕನ್ನಡಕದ ಅಂಗಡಿಯಲ್ಲಿ ಕೂತು ಊರವರ ಕಣ್ಣಿಗೆ ಗಾಜು ಉಜ್ಜಿ ಕೂರಿಸುವ ಮನುಷ್ಯನಿಗೆ ಸಂಜೆಯಾಯಿತೆಂದರೆ ಮರದ ಹುಚ್ಚು. ಹಿತ್ತಿಲಿನ ತಗಡಿನ ಶೆಡ್ಡೇ ಅವನ ಅರಮನೆ. ಹೆಂಡತಿಯ ತವರಿನಲ್ಲಿ ಅವನಿಗೆ ದೊಡ್ಡಳಿಯ ಎಂಬುದನ್ನು ಬಿಟ್ಟರೆ ಬೇರೆ ಹೆಸರೇ ಇಲ್ಲ. ಆ ಮನೆಯ ಕಪಾಟು, ಸ್ಟೂಲು, ಬಟ್ಟೆ ನೇತುಹಾಕುವ ಗೂಟದ ಪಟ್ಟಿ, ಎಲ್ಲವೂ ಅವನು ಮಾಡಿಕೊಟ್ಟದ್ದು. ಮರದ ವಿಷಯಕ್ಕೆ ಬಂದರೆ ಅಲ್ಲಿ ಅವನು ಹೇಳಿದ್ದೇ ವೇದವಾಕ್ಯ.

ಆಮೇಲೆ ಚಿಕ್ಕಳಿಯ ಬಂದ. ಹೆಂಡತಿಯ ತಂಗಿಯ ಗಂಡ, ಬಸ್ ಡಿಪೋದಲ್ಲಿ ಕೆಲಸ, ಸದಾ ನಗುಮುಖ. "ಭಾವ, ನಂಗೂ ಸ್ವಲ್ಪ ಹೇಳ್ಕೊಡಿ" ಎಂದು ಶೆಡ್ಡಿಗೆ ಕಾಲಿಟ್ಟವನಿಗೆ ದೊಡ್ಡಳಿಯ ಮರ ಹೆರೆಯುವ ರಂದಾ ಹಿಡಿಯುವುದರಿಂದ ಹಿಡಿದು ಎಲ್ಲ ಕಲಿಸಿದ. ಅವನ ಮೊದಲ ಸ್ಟೂಲಿನ ಮೂರು ಕಾಲು ನೆಲ ಮುಟ್ಟಿದರೆ ನಾಲ್ಕನೆಯದು ಗಾಳಿಯಲ್ಲಿರುತ್ತಿತ್ತು. ಅದನ್ನು ನೋಡಿ ದೊಡ್ಡಳಿಯ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. ಶಿಷ್ಯ ಪೆದ್ದನಾಗಿರುವವರೆಗೆ ಗುರುವಿನಷ್ಟು ದೊಡ್ಡ ಮನಸ್ಸು ಯಾರಿಗಿದೆ ಹೇಳಿ!

ದೊಡ್ಡಳಿಯನ ಬಳಿ ಒಂದು ಪುಟ್ಟ ರಂದಾ ಮಷೀನಿತ್ತು. ಈ ಕಡೆಯಿಂದ ಒರಟು ಹಲಗೆ ಕೊಟ್ಟರೆ ಆ ಕಡೆಯಿಂದ ಒಂದೇ ದಪ್ಪಕ್ಕೆ ನುಣುಪಾಗಿ ಬರುತ್ತಿತ್ತು. ಒಂದು ಗೇಣಿಗಿಂತ ಸ್ವಲ್ಪ ಹೆಚ್ಚು ಅಗಲದ ಹಲಗೆಯಷ್ಟೇ ಅದರ ಬಾಯಿಗೆ ಹಿಡಿಸುತ್ತಿತ್ತು. ಅಷ್ಟರಲ್ಲೇ ಅವನು ಸುಖವಾಗಿದ್ದ. ಚಿಕ್ಕಳಿಯ ಅದಕ್ಕಿಂತ ದೊಡ್ಡ ಮಷೀನು ತಂದ ದಿನ ಆ ಸುಖ ಮುಗಿಯಿತು.

ಮನೆಮಂದಿಯೆಲ್ಲ ನೋಡಲು ಹೋದರು. ಕಬ್ಬಿಣದ ಕಾಲು, ಅಗಲವಾದ ಬಾಯಿ, ಮರದ ಸಿಪ್ಪೆಯನ್ನು ಚೀಲಕ್ಕೆ ಎಳೆದುಕೊಳ್ಳುವ ಕೊಳವೆ ಬೇರೆ. ಹಲಗೆ ಜಾರಿ ಹೊರಗೆ ಬಂದಾಗ ಹೆಂಗಸರು ಮಗುವಿನ ಕೆನ್ನೆ ಸವರಿದ ಹಾಗೆ ಅದನ್ನು ಸವರಿದರು. "ಎಲ್ಲಾ ನೀವು ಕಲಿಸಿದ್ದೇ ಭಾವ" ಎಂದ ಚಿಕ್ಕಳಿಯ. ಮನಸಾರೆ ಹೇಳಿದ ಮಾತೇ ಅದು. ದೊಡ್ಡಳಿಯನಿಗೆ ಮಾತ್ರ ಗುರುವಿಗೇ ತಿರುಮಂತ್ರ ಹಾಕಿದಂತೆ ಕೇಳಿಸಿತು. ಅವನ ಹೊಟ್ಟೆಯಲ್ಲಿ ಬೆಂಕಿ ಬಿತ್ತು. ಅಲ್ಲಿ ಕೊಟ್ಟ ಕಾಫಿಗೆ ಸಕ್ಕರೆ ಹಾಕಿರಲಿಲ್ಲ ಎಂದು ಮನೆಗೆ ಬರುವ ದಾರಿಯುದ್ದಕ್ಕೂ ಗೊಣಗಿದ.

"ಎರಡು ಚಮಚ ಹಾಕಿದ್ಲು ರೀ, ನಾನೇ ನೋಡಿದೆ" ಎಂದಳು ಹೆಂಡತಿ.

"ನಿನ್ನ ತಂಗಿ ಮನೇದು ನಿಂಗೆ ಎಲ್ಲಾ ಸಿಹಿನೇ."

ಇಷ್ಟರಲ್ಲಿ ಅತ್ತೆ ಒಂದು ಹಲಗೆ ಕಳಿಸಿದರು. ಮಾವ ಬದುಕಿದ್ದಾಗ ಮಂಚದ ಕೆಳಗೆ ಇಟ್ಟು ಕಾದಿದ್ದ ತೇಗದ ಹಲಗೆ. ಎರಡು ಬೆರಳು ದಪ್ಪ, ಎರಡು ಗೇಣು ಅಗಲ, ಒಂದೇ ತುಂಡು. "ನಂಗೊಂದು ಮೇಜು ಮಾಡಿಕೊಡಿ, ಅವಸರ ಏನಿಲ್ಲ" ಎಂದು ಹೇಳಿ ಕಳಿಸಿದ್ದರು. ಅಂಥ ಹಲಗೆ ಇನ್ನೊಂದು ಸಿಗುವ ಮಾತಿಲ್ಲ. ಬೇರೆಯವನಾಗಿದ್ದರೆ ಕುಣಿದಾಡುತ್ತಿದ್ದ. ಇವನು ಹಲಗೆಯ ಅಗಲ ನೋಡಿದ, ತನ್ನ ಪುಟ್ಟ ಮಷೀನಿನ ಬಾಯಿ ನೋಡಿದ, ಅತ್ತೆ ಬೇಕೆಂದೇ ಪರೀಕ್ಷೆ ಒಡ್ಡಿದ್ದಾರೆ ಎಂದುಕೊಂಡ. ಹಲಗೆ ಸೀಳಿದರೆ ಚಿಕ್ಕಳಿಯ ಏನನ್ನುತ್ತಾನೆ? ನನ್ನ ಮಷೀನಾದರೆ ಇಡಿಯಾಗಿ ಹಿಡಿಯುತ್ತಿತ್ತು ಎನ್ನುತ್ತಾನೆ. ಅನ್ನದಿದ್ದರೂ ಮನಸ್ಸಿನಲ್ಲಿ ಅಂದುಕೊಳ್ಳುತ್ತಾನೆ.

"ಕೈಯಲ್ಲೇ ಉಜ್ಜಬಹುದಲ್ಲ ರೀ, ಅಮ್ಮ ಅವಸರ ಇಲ್ಲ ಅಂದಿದ್ದಾರೆ."

"ನಿನ್ನ ತಂಗಿ ಗಂಡ ಕೈಯಲ್ಲಿ ಉಜ್ತಾನಾ?"

ಹಳೇ ಮಷೀನು ಮಾರಿ, ಕೂಡಿಟ್ಟದ್ದನ್ನೆಲ್ಲ ಸುರಿದು, ಚಿಕ್ಕಳಿಯನದಕ್ಕಿಂತ ನಾಲ್ಕು ಬೆರಳು ಹೆಚ್ಚು ಅಗಲದ ಮಷೀನು ತಂದ. ಅದು ಶೆಡ್ಡಿನೊಳಗೆ ಹೋಗಲಿಲ್ಲ. ಕೈರಂದಾ ಹೊಡೆಯುವ ಬೆಂಚು ಅಡ್ಡವಾಗಿತ್ತು. ಬೆಂಚನ್ನು ಬಿಚ್ಚಿ ಹೊರಗೆ ಹಾಕಿದ. ಶೆಡ್ಡಿಗೆ ಈಗ ಮಷೀನು ಹಿಡಿಸಿತು, ಅವನಿಗೆ ತಿರುಗಾಡಲು ಜಾಗ ಉಳಿಯಲಿಲ್ಲ.

ಮಾರನೆಯ ದಿನವೇ ಚಿಕ್ಕಳಿಯನ ಫೋನು. "ಭಾವ, ದೊಡ್ಡ ಮಷೀನು ತಂದ್ರಂತೆ, ಇವಳು ಹೇಳಿದ್ಲು. ಅತ್ತೆಗೆ ನಾನೇನೂ ಹೇಳಿಲ್ಲ. ಭಾನುವಾರ ಅವರನ್ನ ಕರ್ಕೊಂಡು ಬರ್ತೀವಿ. ಹಲಗೆ ಆಯ್ತಾ?"

"ಆಗಿ ಯಾವ ಕಾಲ ಆಯ್ತು!" ಎಂದುಬಿಟ್ಟ ದೊಡ್ಡಳಿಯ. ಹಲಗೆ ಗೋಡೆಗೆ ಒರಗಿ ಹಾಗೇ ನಿಂತಿತ್ತು.

ಶನಿವಾರ ಅಂಗಡಿಗೆ ರಜೆ ಹಾಕಿ ಕೂತ. ಹಲಗೆ ಮಂಚದ ಕೆಳಗೆ ಮಲಗಿ ಮಲಗಿ ತಿರುಚಿಕೊಂಡಿತ್ತು. ಒಂದು ಮೂಲೆ ಒತ್ತಿದರೆ ಎದುರು ಮೂಲೆ ಏಳುತ್ತಿತ್ತು. ಅಂಥದ್ದನ್ನು ಮೊದಲು ಬೆಂಚಿನ ಮೇಲಿಟ್ಟು ಒಂದು ಮುಖವನ್ನು ಕೈರಂದಾದಲ್ಲಿ ಸಮ ಮಾಡಿಕೊಳ್ಳಬೇಕು, ಆಮೇಲೇ ಮಷೀನು. ಚಿಕ್ಕಳಿಯನಿಗೆ ತಲೆಗೆ ಮೊಟಕಿ ಮೊಟಕಿ ಕಲಿಸಿದ ಪಾಠ ಅದು. ಆದರೆ ಬೆಂಚು ಹೊರಗೆ ಬಿದ್ದಿದೆ, ಭಾನುವಾರ ಬಾಗಿಲಲ್ಲಿದೆ, ಇಷ್ಟು ದೊಡ್ಡ ಮಷೀನು ತಂದದ್ದು ಮತ್ತೆ ಕೈಯಲ್ಲಿ ಉಜ್ಜುವುದಕ್ಕಾ? ಹಾಗೇ ಕೊಟ್ಟ.

ಒಳಗಿನ ಉರುಳೆಗಳು ಡೊಂಕು ಹಲಗೆಯನ್ನು ಒತ್ತಿ ಚಪ್ಪಟೆ ಮಾಡಿಯೇ ಎಳೆದುಕೊಳ್ಳುತ್ತವೆ. ಹೊರಗೆ ಬಂದ ಕೂಡಲೇ ಹಲಗೆ ಹಳೇ ಬುದ್ಧಿಗೆ ಮರಳುತ್ತದೆ. ಕನ್ನಡಿಯಂತೆ ನುಣುಪಾಗಿ, ನಾಯಿಬಾಲದಂತೆ ಡೊಂಕಾಗಿ ಬಂತು. ಇನ್ನೊಂದು ಸಲ ಕೊಟ್ಟರೆ ಸರಿಹೋದೀತು ಎಂದು ಕೊಟ್ಟ. ಮಗುಚಿ ಕೊಟ್ಟ. ಚಿಕ್ಕಳಿಯನ ನಗುಮುಖ ಕಣ್ಣೆದುರು ಬಂದಾಗಲೆಲ್ಲ ಮತ್ತೊಂದು ಸಲ ಕೊಟ್ಟ. ಸಿಟ್ಟಿನಲ್ಲಿ ಕೊಯ್ದ ಮೂಗು ಮತ್ತೆ ಬಂದೀತೇ? ಮಷೀನು ನಿಲ್ಲಿಸಿದಾಗ ಮೊಣಕಾಲವರೆಗೆ ತೇಗದ ಸಿಪ್ಪೆ. ಎರಡು ಬೆರಳಿನ ಹಲಗೆ ಅರ್ಧ ಬೆರಳಾಗಿತ್ತು, ಆಗಲೂ ಡೊಂಕೇ. ಅದರ ಮೇಲೆ ತಟ್ಟೆಯಿಟ್ಟರೆ ಬಾಗುವಂತಿತ್ತು. ಅವನು ಸಿಪ್ಪೆಯ ಮೇಲೇ ಕೂತುಬಿಟ್ಟ.

ಭಾನುವಾರ ಎಲ್ಲರೂ ಬಂದರು. ಅತ್ತೆಗೆ ಮಂಡಿನೋವು, ಹಿತ್ತಿಲವರೆಗೆ ನಡೆಯುವಂತಿರಲಿಲ್ಲ. ಹಲಗೆಯನ್ನೇ ಹಜಾರಕ್ಕೆ ತಂದು ಗೋಡೆಗೆ ಒರಗಿಸಿದ್ದ. ಚಿಕ್ಕಳಿಯ ಒಂದೇ ನೋಟ ನೋಡಿದ. ಕಲಿತವನಿಗೆ ಅಷ್ಟು ಸಾಕು. ಇನ್ನೇನು ಬಾಯಿ ಬಿಡುತ್ತಾನೆ ಎಂದು ದೊಡ್ಡಳಿಯ ಕಾದು ನಿಂತ.

ಅತ್ತೆ ಹಲಗೆಯ ಮೇಲೆ ಕೈಯಾಡಿಸಿದರು. "ಅಯ್ಯೋ, ಎಷ್ಟು ತೆಳ್ಳಗಾಗಿಹೋಗಿದೆ! ಪಾಪ, ಎಷ್ಟು ಉಜ್ಜಿದಿರೋ ಅಳಿಯಂದ್ರೇ." ಆಮೇಲೆ ಚಿಕ್ಕಳಿಯನ ಕಡೆ ಕೈ ತೋರಿಸಿದರು. "ಇವರು ನನ್ನ ಎಷ್ಟು ಪೀಡಿಸಿದ್ರು ಗೊತ್ತಾ? ನಂಗೆ ಕೊಡಿ ಅತ್ತೆ, ಒಂದೇ ಗಂಟೇಲಿ ಮಷೀನಿಗೆ ಕೊಟ್ಟು ತೆಗೀತೀನಿ ಅಂತ. ನಾನು ಕೊಡಲಿಲ್ಲ. ಮಷೀನು ದುಡ್ಡಿದ್ದೋರ ಮನೆಗೆಲ್ಲ ಬರತ್ತೆ. ಇದು ನಿಮ್ಮ ಮಾವ ಕಾದಿಟ್ಟಿದ್ದು, ದೊಡ್ಡಳಿಯಂದ್ರ ಕೈಯಲ್ಲೇ ಆಗಲಿ, ವರ್ಷ ಹಿಡಿದ್ರೂ ಕಾಯ್ತೀನಿ ಅಂದೆ."

ಯಾವ ಮಾತಿಗಾಗಿ ಇಷ್ಟು ದಿನ ಒಳಗೊಳಗೇ ಬೆಂದನೋ ಆ ಮಾತು, ಚಿಕ್ಕಳಿಯನ ಎದುರಿಗೇ, ಅತ್ತೆಯ ಬಾಯಿಂದಲೇ ಬಂದಿತ್ತು. ದೊಡ್ಡಳಿಯ ಇಂಗು ತಿಂದ ಮಂಗನಂತೆ ನಿಂತಿದ್ದ. ಬಾಗಿಲಲ್ಲಿ ನಿಂತ ಹೆಂಡತಿ ಸೆರಗು ಸರಿಮಾಡಿಕೊಂಡು ಒಳಗೆ ಹೋದಳು.

"ಹೌದು ಅತ್ತೆ" ಎಂದ ಚಿಕ್ಕಳಿಯ, ತಲೆ ಎತ್ತದೆ. "ಭಾವ ತುಂಬಾ ಕಷ್ಟಪಟ್ಟಿದ್ದಾರೆ. ತೇಗ ತಿರುಚಿಕೊಂಡ್ರೆ ಯಾರ ಕೈಯಲ್ಲೂ ದಪ್ಪ ಉಳಿಯಲ್ಲ."

ಅವನ ಜಾಗದಲ್ಲಿ ತಾನಿದ್ದಿದ್ದರೆ ಆ ಮಾತು ತನ್ನ ಬಾಯಿಂದ ಬರುತ್ತಿರಲಿಲ್ಲ ಎಂದು ದೊಡ್ಡಳಿಯನಿಗೆ ಚೆನ್ನಾಗಿ ಗೊತ್ತಿತ್ತು. ಅದಕ್ಕೂ ಅವನ ಹೊಟ್ಟೆ ಉರಿಯಿತು.