ಮಾಲತೇಶನ ಮೀನು

ಸವಣೂರಿನ ಸಂತೆಯಲ್ಲಿ ಮೂವತ್ತು ವರ್ಷ ಮೀನು ಮಾರಿದ ಜನ್ನತಬಿಗೆ ಕಣ್ಣೆದುರಿನ ಮೋಸ ಸಹಿಸಿ ಗೊತ್ತಿಲ್ಲ. ಹೋದ ವರ್ಷ ಹಾನಗಲ್ಲಿನ ಕೆರೆಯಲ್ಲಿ ಒಂದು ಸಂಘದವರು ಅಂಗವಿಕಲರಿಗೆಂದು ಮೀನು ಹಿಡಿಯುವ ದಿನ ನಡೆಸಿದ್ದನ್ನು ಅವಳು ನೋಡಿದ್ದಳು. ಗಾಳ ಹಿಡಿದವರೆಲ್ಲ ಸ್ವಯಂಸೇವಕರೇ. ಗಾಲಿಕುರ್ಚಿಯಲ್ಲಿದ್ದವರ ಕೈಗೆ ಮೀನು ಕೊಟ್ಟು ಫೋಟೊ ತೆಗೆದರು, ಅಷ್ಟೆ. ಈ ವರ್ಷ ಅದನ್ನು ನಡೆಸಲು ಜನ್ನತಬಿಯೇ ಮುಂದಾದಳು. ದಂಡೆಗೆ ಹಲಗೆ ಹಾಸಿಸಿ, ಕುರ್ಚಿಗಳನ್ನು ಎತ್ತು ಕಟ್ಟುವ ಹಗ್ಗದಿಂದ ಹುಣಸೆಮರಕ್ಕೆ ತಾನೇ ಬಿಗಿದಳು.

ಹಂಸಭಾವಿಯ ಮಾಲತೇಶ ಕೈಮೆಷಿನ್ನಿನಲ್ಲಿ ಹೊಲಿಯುವ ದರ್ಜಿ, ಕಾಲುಗಳಿಗೆ ಬಲವಿಲ್ಲ. ಹೋದ ವರ್ಷದ ಫೋಟೊದಲ್ಲಿ ಅವನೂ ಇದ್ದ. ಇಂದು ಅವನ ಗಾಳಕ್ಕೆ ದೊಡ್ಡ ಮೀನೇ ಬಿತ್ತು. ಅವನು ಮುಂದಕ್ಕೆ ಬಾಗಿದ. ಕುರ್ಚಿ ನೀರಿನತ್ತ ಜಾರಿತು, ಹಗ್ಗ ಬಿಗಿದುಕೊಂಡಿತು. ಅವನ ಹೆಂಡತಿ ಕಿರುಚುತ್ತ ಓಡಿಬಂದಳು.

"ಮುಟ್ಟಬ್ಯಾಡ್ರಿ!" ಜನ್ನತಬಿ ಅಡ್ಡ ನಿಂತಳು.

"ನೀರಾಗ ಬಿದ್ರ?"

"ಹಗ್ಗ ನಾನ ಕಟ್ಟೇನಿ. ಬಿದ್ರ ಮೊದಲ ನಾನ ಹಾರ್ತೇನಿ."

ಗಾಳದ ದಾರ ಪಟ್ಟನೆ ಹರಿಯಿತು. ಮೀನು ಹೋಯಿತು. ಜನ್ನತಬಿ ಕುರ್ಚಿಯ ಹಗ್ಗವನ್ನು ಮತ್ತೊಮ್ಮೆ ಜಗ್ಗಿ ನೋಡಿದಳು.

ಮಾಲತೇಶ ಅವಳತ್ತ ತಿರುಗಿದ. "ಹೋದ ವರ್ಷದ್ದು ಅವರ ಮೀನರಿ. ಇವತ್ತ ತಪ್ಪಿಸ್ಕೊಂಡದ್ದು ನಂದು. ದಾರ ಕೊಡ್ರಿ, ಗಂಟು ನಾನ ಹಾಕ್ತೇನಿ."