ಉಂಡವನಿಗೆ ತೋರಿಸಿದ ಮಡು

ಉರ್ಸೆನ್ ದಾರ್ದಾರನ ಮಡು ಒಂದು ಕಾಲಕ್ಕೆ ಅವನ ಅಪ್ಪ ದನ ಮೇಯಿಸುತ್ತಿದ್ದ ಹುಲ್ಲುಗಾವಲು. ಎಣ್ಣೆ ಕಂಪನಿಯವರು ಕಾಲುವೆ ಕಡಿದರು, ಉಪ್ಪುನೀರು ನುಗ್ಗಿತು, ಹುಲ್ಲು ಸತ್ತಿತು, ನೆಲ ಕುಸಿಯಿತು. ಬೇಲಿಯ ಗೂಟಗಳು ಮಾತ್ರ ಇವತ್ತಿಗೂ ನೀರಿನಲ್ಲಿ ತಲೆಯೆತ್ತಿ ನಿಂತಿವೆ. ಲೂಸಿಯಾನಾದ ನಮ್ಮ ಕೆಳದಂಡೆಯಲ್ಲಿ ಎಲ್ಲರ ಕಥೆಯೂ ಇದೇ.

"ದನ ಹೋದ್ವು, ಮೀನು ಬಂದ್ವು. ಕಟ್ಟಿ ಹಾಕೋ ಕೆಲಸ ತಪ್ತು," ಎಂದು ನಗುತ್ತಿದ್ದ ಉರ್ಸೆನ್.

ಸೆಪ್ಟೆಂಬರ್ ಕೊನೆಗೆ ಮೊದಲ ಬಡಗಣ ಗಾಳಿ ಬೀಸಿದರೆ ಸಿಗಡಿ ಜೌಗು ಬಿಟ್ಟು ಹೊರಡುತ್ತದೆ. ಅದರ ಬೆನ್ನುಹತ್ತಿ ಕೆಂಪುಮೀನು ಮೊಣಕಾಲುದ್ದದ ನೀರಿಗೆ ಬಂದು, ಬಾಲ ಮೇಲೆ ಮಾಡಿ ಕೆಸರು ಕೆದಕುತ್ತದೆ. ಮೀನು ಬೆದರದಿರಲೆಂದು ಉರ್ಸೆನ್ ಎಂಜಿನ್ ಆರಿಸಿ ಗಳೆ ಊರಿ ದೋಣಿ ನೂಕುತ್ತಿದ್ದ. ಕೆಮ್ಮು ಬಂದರೆ ತೋಳಿಗೆ ಬಾಯಿ ಒತ್ತಿಕೊಳ್ಳುತ್ತಿದ್ದ. ಮನೆಯ ಚಳಿಗಾಲದ ಊಟ ಆ ಮಡುವಿನದು.

ನಮ್ಮಲ್ಲೊಂದು ನಡವಳಿಕೆ ಇತ್ತು. ನಿಮ್ಮ ಮನೆಯ ಮೀನುಸಾರು ಉಂಡವನಿಗೆ ಆ ಮೀನಿನ ನೀರನ್ನೂ ತೋರಿಸಬೇಕು. ಮುಚ್ಚಿಟ್ಟವನನ್ನು ಊರು ಮೂಸುತ್ತಿರಲಿಲ್ಲ.

ಒಂದು ಸಂಜೆ ಹೂಸ್ಟನ್ ನಗರದ ಪ್ರೆಸ್ಟನ್ ಎಂಬಾತ ದೋಣಿ ಕೆಟ್ಟು ದಡ ಸೇರಿದ. ಉರ್ಸೆನ್‌ನ ಅಕ್ಕ ಎಲೋದಿ ಟೊಮೆಟೊ ಹಾಕಿ ಕುದಿಸಿದ ಮೀನುಸಾರನ್ನು ಅನ್ನಕ್ಕೆ ಸುರಿದಳು. ಅವನು ತಟ್ಟೆ ನೆಕ್ಕಿದ.

"ಇವನಿಗೆ ತೋರಿಸ್ಬೇಡ ಕಣೋ. ಬೂಟು ನೋಡು, ಕೆಸರೇ ಇಲ್ಲ," ಎಂದಳು ಎಲೋದಿ.

"ಉಂಡಾಗಿದೆ ಅಕ್ಕ. ಈಗೇನ್ ಕಕ್ಕಿಸ್ಲಾ?"

ಮರುದಿನ ಉರ್ಸೆನ್ ಅವನನ್ನು ಮಡುವಿಗೆ ಕರೆದೊಯ್ದ. ಮುಂದಿನ ಬೇಸಿಗೆಯಲ್ಲಿ ಆ ಜೌಗನ್ನು ಪ್ರೆಸ್ಟನ್ ಎಣ್ಣೆ ಕಂಪನಿಯಿಂದ ಕೊಂಡ. ಕಾಲುವೆಗೆ ಅಡ್ಡ ಗೇಟು ಬಿತ್ತು. ನೀರು ಯಾರದಾದರೂ ಆಗಲಿ, ಅಡಿಯ ನೆಲ ನಮ್ಮದು ಎಂದು ಫಲಕ. ಉರ್ಸೆನ್‌ನ ಅಪ್ಪನ ಹೆಸರಿನಲ್ಲಿ ಒಂದು ತುಂಡು ಕಾಗದವೂ ಇರಲಿಲ್ಲ. ನಾವು ದೋಣಿಗಳನ್ನು ಗೇಟಿಗೆ ಕಟ್ಟಿ ಕೂತೆವು. ಪೊಲೀಸರು ನಮ್ಮನ್ನು ಮೀನಿನ ಹಾಗೆ ಎಳೆದು ವ್ಯಾನಿಗೆ ತುಂಬಿದರು.

ಶರತ್ಕಾಲಕ್ಕೆ ಪ್ರೆಸ್ಟನ್ ಅಲ್ಲಿ ಶ್ರೀಮಂತರು ಮೋಜಿಗೆ ಮೀನು ಹಿಡಿಯುವ ಕ್ಲಬ್ಬು ತೆರೆದ. ಉದ್ಘಾಟನೆಯ ಊಟಕ್ಕೆ ಊರಿಗೆಲ್ಲ ಕರೆ. ನಾವು ರಸ್ತೆಯಲ್ಲಿ ಧಿಕ್ಕಾರ ಕೂಗುತ್ತಿದ್ದರೆ ಉರ್ಸೆನ್ ತೊಳೆದ ಅಂಗಿ ತೊಟ್ಟು ಒಳಗೆ ನಡೆದ.

"ಥೂ! ಅವನ ಎಂಜಲಿಗೆ ಹೋಗ್ತೀಯೇನೋ?" ಎಂದು ನಾನು ಕಿರುಚಿದೆ.

"ಬಾಯ್ಮುಚ್ಕೊಂಡು ಬೋರ್ಡ್ ಹಿಡ್ಕೊ ಮಾರಾಯ. ಹಸಿವಾಗಿದೆ."

ಜಗಲಿಯಲ್ಲೇ ಕೂತ. ಬಡಿಸಿದ್ದನ್ನೆಲ್ಲ ನಿಧಾನಕ್ಕೆ ತಿಂದ. ಬಾಯಿ ಒರೆಸಿಕೊಂಡು ಎದ್ದು, ನಮಗೂ ಕೇಳುವಂತೆ ಹೇಳಿದ: "ಪ್ರೆಸ್ಟನ್, ನಿನ್ನ ಮೀನು ಉಂಡಾಯ್ತು. ಈಗ ಮಡು ತೋರಿಸು."

ಧಿಕ್ಕಾರ ನಿಂತಿತು.

ಪ್ರೆಸ್ಟನ್ ಹೊಟ್ಟೆ ಹಿಡಿದು ನಕ್ಕ. ಬಂದವರೆಲ್ಲ ನಕ್ಕರು. "ನೀನಿನ್ನೂ ಅದೇ ತಮಾಷೆ ಮನುಷ್ಯ ಕಣಯ್ಯ! ಗೇಟು ಕಾಯೋಕೆ ಜನ ಬೇಕು, ಬರ್ತೀಯಾ?"

ಉರ್ಸೆನ್ ತಟ್ಟೆಯನ್ನು ಕೆಳಗಿಟ್ಟು ನಮ್ಮ ಸಾಲು ದಾಟಿ ಮನೆಗೆ ಹೋದ. ಯಾರ ಮುಖವನ್ನೂ ನೋಡಲಿಲ್ಲ.

ಈ ಸಲವೂ ಬಡಗಣ ಗಾಳಿ ಬಂತು. ಗೇಟಿನಾಚೆ ಬಾಲಗಳು ಮಿಂಚುತ್ತಿವೆ. ಮೊನ್ನೆ ಎಂಜಿನ್ ಕೆಟ್ಟವನೊಬ್ಬ ಉರ್ಸೆನ್‌ನ ಮೆಟ್ಟಿಲ ಬಳಿ ನಿಂತು ಮೂಗರಳಿಸಿದ.

"ಯಾವ ಮೀನಿಂದಣ್ಣ ಸಾರು?"

"ಮೀನಲ್ಲ. ಅಂಗಡಿ ಕೋಳಿ," ಎಂದ ಉರ್ಸೆನ್. "ಹೋಟ್ಲು ಹೆದ್ದಾರೀಲಿದೆ, ನಡಿ."

ಎಲೋದಿ ತೆಗೆದಿಟ್ಟಿದ್ದ ಮೂರನೇ ತಟ್ಟೆಯನ್ನು ಮತ್ತೆ ಗೂಡಿಗೆ ಸೇರಿಸಿದಳು.